ಒಂದು ಹುಳಕ್ಕಾಗಿ ನೂರು ಹುಳ

ನಾಲ್ಕನೇ ಜ್ವರ ಎದ್ದ ರೇಷ್ಮೆಹುಳಗಳಿಗೆ ಬೆಳಗಿನ ಸೊಪ್ಪು ಹರಡುತ್ತಿದ್ದಾಗ ಸುದ್ದಿ ಬಂತು.

ಹುಳ ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿಕೊಂಡು ಮಂಕಾಗಿ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಕೊನೆಯ ಜ್ವರ. ಅದು ಬಿಟ್ಟ ಮೇಲೆ ಹುಳಕ್ಕೆ ಬರುವ ಹಸಿವು ಬೀಗರೂಟಕ್ಕೆ ಬಂದವರಿಗೂ ಬರುವುದಿಲ್ಲ. ಒಂದು ತಟ್ಟೆಗೆ ಸೊಪ್ಪು ಹಾಕಿ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಹಿಂದಿನದರಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ. ಮೇಯುವ ಸದ್ದು, ಯಾರೋ ಮೂಲೆಯಲ್ಲಿ ಕೂತು ಹೊಸ ಸೀರೆ ಮಡಿಸುತ್ತಿರುವ ಹಾಗೆ. ಈ ಹಸಿವನ್ನು ಆರೇಳು ದಿನ ತೀರಿಸಿಬಿಟ್ಟರೆ ಹುಳ ಹಣ್ಣಾಗುತ್ತದೆ, ಚಂದ್ರಿಕೆ ಹತ್ತುತ್ತದೆ, ಗೂಡು ಕಟ್ಟುತ್ತದೆ. ಚಂದ್ರಿಕೆ ಎಂದರೆ ಬಿದಿರಿನ ಸುರುಳಿ ಹೆಣೆದ ಅಗಲವಾದ ತಟ್ಟಿ. ಅದನ್ನು ಬಾಡಿಗೆಗೆ ತರಲು ನಮ್ಮ ಯಜಮಾನರು ಬೆಳಿಗ್ಗೆಯೇ ಹೊರಟುಹೋಗಿದ್ದರು.

ಹುಳದ ಮನೆಯ ಪರದೆಯಾಚೆ ಮೇಕೆ ಮೇಯಿಸುವ ಮುದುಕಿ ಬಂದು ನಿಂತಳು. ನಾವು ಬಿಸಾಡುವ ಸೊಪ್ಪಿನ ಕಡ್ಡಿ ಅವಳ ಮೇಕೆಗಳಿಗೆ. ಬಾಯಲ್ಲಿ ಹೊಗೆಸೊಪ್ಪು ಇರುವುದರಿಂದ ಅವಳು ಒಳಗೆ ಕಾಲಿಡುವುದಿಲ್ಲ, ಆ ಮಟ್ಟಿಗೆ ಮರ್ಯಾದಸ್ತೆ.

"ಅವ್ವೋ, ಒಳಗಿದ್ದೀಯಾ? ನಿನ್ ಓರಗಿತ್ತಿ ಹಿತ್ಲಿಗೆ ಔಸ್ದಿ ಹೊಡ್ಯೋನು ಬಂದವ್ನೆ ಕಣವ್ವ. ಬೆನ್ಮ್ಯಾಲೆ ಕ್ಯಾನ್ ಕಟ್ಕಂಡು ಗುಲಾಬಿಗೆ ಹೊಡೀತಾವ್ನೆ. ನಾನು ಮೇಕೆ ಅಟ್ಕಂಡು ಈ ಕಡೀಕ್ ಬಂದ್ಬುಟ್ಟೆ. ಗಾಳಿ ನಿಮ್ ಕಡೀಕೇ ಬೀಸ್ತಾ ಐತೆ."

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು.

ಹುಳ ಸಾಕದವರಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನು ಎನ್ನಿಸಬಹುದು. ರೇಷ್ಮೆಹುಳವೂ ಹುಳವೇ. ಯಾವ ಹುಳ ಕೊಲ್ಲುವ ಔಷಧಿಯೂ ಇದನ್ನು ಮೊದಲು ಕೊಲ್ಲುತ್ತದೆ. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಘಮಘಮ ಪೌಡರ್ ಬಳಿದುಕೊಂಡು ಒಳಗೆ ಹೋಗುವಂತಿಲ್ಲ. ಹುಳ ಮೇಯುವಷ್ಟು ದಿನ ನಮ್ಮ ಮನೆಯಲ್ಲಿ ದೇವರಿಗೂ ಊದುಬತ್ತಿಯಿಲ್ಲ. ದೀಪ, ಹೂವು, ನಮಸ್ಕಾರ ಅಷ್ಟೇ. ದೇವರು ಇಷ್ಟು ವರ್ಷದಲ್ಲಿ ಒಂದು ದಿನವೂ ಬೇಸರಿಸಿಕೊಂಡಿಲ್ಲ. ಬೇಸರವೆಲ್ಲ ಮನುಷ್ಯರದು, ಪ್ರಾಣಿಗಳದು.

ಪ್ರಾಣಿಗಳ ವಿಷಯ ಹೇಳಲೇಬೇಕು. ಔಷಧಿ ಹೊಡೆಯುವಂತಿಲ್ಲ ಎಂಬುದನ್ನು ಈ ಸುತ್ತಿನ ಹಕ್ಕಿಪಕ್ಕಿ, ಹುಳಹುಪ್ಪಟೆಗೆಲ್ಲ ಯಾರು ಹೋಗಿ ಹೇಳಿದರೋ, ಎಲ್ಲವೂ ನಮ್ಮ ಹಿತ್ತಲನ್ನೇ ಛತ್ರ ಮಾಡಿಕೊಂಡಿವೆ. ಒಂದು ಹುಳವನ್ನು ಮಗುವಿನ ಹಾಗೆ ಸಾಕಿದ ತಪ್ಪಿಗೆ ಉಳಿದ ನೂರು ಹುಳವನ್ನು ಅತ್ತೆಯ ಹಾಗೆ ಸಹಿಸಬೇಕು.

ಹಿತ್ತಲಿನ ನಡುವೆ ಒಂದು ಹೊಂಡವಿದೆ. ಮನೆ ಕಟ್ಟುವಾಗ ಮಾವನವರು ತಳಪಾಯಕ್ಕೆ ಕಲ್ಲು ಎಬ್ಬಿಸಿದ ಜಾಗ. ನಮ್ಮೂರಿನಲ್ಲಿ ಎಲ್ಲಿ ಅಗೆದರೂ ಬಂಡೆ, ಬಂಡೆ ತೆಗೆದಲ್ಲೆಲ್ಲ ನೀರು. ನಾನು ಅದಕ್ಕೆ ಪೂಜೆಗಿರಲಿ ಎಂದು ತಾವರೆ ಗೆಡ್ಡೆ ಹಾಕಿದೆ. ಅಣ್ಣ ತಮ್ಮ ಬೇರೆಯಾದಾಗ ಗೋಡೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಬಂದು ಹೊಂಡದ ದಡದಲ್ಲಿ ನಿಂತವು. ನೀರನ್ನು ಪಾಲು ಮಾಡಲು ಯಾರಿಗೂ ಬರಲಿಲ್ಲ. ಕಪ್ಪೆಗಳನ್ನಂತೂ ಪಂಚಾಯ್ತಿಗೆ ಬಂದ ಹಿರಿಯರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ತಾವರೆ ಬಂತು. ಅದರ ಹಿಂದೆ ಕಪ್ಪೆ, ಕಪ್ಪೆಯ ಹಿಂದೆ ಕೇರೆಹಾವು, ನಾನು ಬಿಟ್ಟ ಮೀನಿನ ಹಿಂದೆ ಮಿಂಚುಳ್ಳಿ. ಮಿಂಚುಳ್ಳಿಯನ್ನು ನೀಲಿ ಎಂದು ಹೊಗಳುವವರು ಅದು ನಾನು ಸಾಕಿದ ಮೀನನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಬಡಿದು ನುಂಗುವುದನ್ನು ನೋಡಿಲ್ಲ. ಅಷ್ಟು ಚಂದದ ಬಟ್ಟೆ ತೊಟ್ಟು ಅಷ್ಟು ಹೊಲಸು ಊಟ ಮಾಡುವವರನ್ನು ನಾನು ಮದುವೆ ಮನೆಗಳಲ್ಲಿ ಮಾತ್ರ ಕಂಡಿದ್ದೇನೆ.

ನವಿಲು ಷಣ್ಮುಖನ ವಾಹನವಂತೆ. ಸ್ವಾಮಿ ಸವಾರಿ ಬಿಟ್ಟು ಎಷ್ಟು ಯುಗವಾಯಿತೋ, ವಾಹನ ಮಾತ್ರ ನನ್ನ ಮೆಣಸಿನ ಸಸಿಯ ಮೇಲೆ ಓಡಾಡುತ್ತಿದೆ. ಅದು ಗರಿ ಬಿಚ್ಚಿದರೆ ದಾರಿಯಲ್ಲಿ ಹೋಗುವ ಕಾರು ನಿಲ್ಲಿಸಿ ಫೋನು ಹಿಡಿಯುತ್ತಾರೆ. ಹಿಂದುಗಡೆಯಿಂದ ನೋಡಿದರೆ ಅದು ಪೊರಕೆ ಹಿಡಿದುಕೊಂಡು ಕೆಲಸ ಮಾಡದ ಹೆಂಗಸು. ದನಿಯೋ, ದೇವರೇ ಕೇಳಬೇಕು.

ಬಸವನಹುಳುವಿಗೆ ಆ ಹೆಸರಿಟ್ಟವರು ಹೊಟ್ಟೆತುಂಬ ನಕ್ಕಿರಬೇಕು. ಮಳೆ ನಿಂತ ಬೆಳಿಗ್ಗೆ ನನ್ನ ಪರಂಗಿ ಸಸಿಗೆ ಸಾಲುಸಾಲಾಗಿ ಹತ್ತಿಕೊಂಡಿರುತ್ತವೆ. ಓಡಿಹೋಗುವ ಕಳ್ಳನನ್ನಾದರೂ ಮೆಚ್ಚಬಹುದು. ಇದು ಕದ್ದು, ಅಲ್ಲೇ ಮಲಗಿ, ನಡೆದ ದಾರಿಗೆಲ್ಲ ಅಂಟು ಬಳಿದು ಗುರುತು ಬಿಟ್ಟು ಹೋಗುವಂಥ ದಡ್ಡ ಕಳ್ಳ. ಆದರೂ ಸಿಕ್ಕಿಬೀಳುವುದು ಸಸಿ ಖಾಲಿಯಾದ ಮೇಲೆಯೇ.

ಕೋತಿಯ ಮಾತು ಬಂದರೆ ನಾನು ಕೈಕಟ್ಟಿ ಕೂತವಳು. ಶನಿವಾರ ಒಪ್ಪೊತ್ತಿದ್ದು ಕೆಂಗಲ್ ಆಂಜನೇಯನಿಗೆ ನಡೆದುಕೊಳ್ಳುವವಳು ಅವನ ಸೈನ್ಯಕ್ಕೆ ಕಲ್ಲೆಸೆಯುವುದು ಹೇಗೆ? ಹಸಿದು ತಿಂದರೆ ಯಾರೂ ಬೇಡವೆನ್ನುವುದಿಲ್ಲ. ಇವು ಸಪೋಟ ಕಿತ್ತು ಒಂದು ಕಡೆ ಕಚ್ಚಿ ಎಸೆಯುತ್ತವೆ, ಇನ್ನೊಂದನ್ನು ಕೀಳುತ್ತವೆ. ಲಂಕೆ ಸುಟ್ಟಾಗಲೂ ಇಷ್ಟು ದಂಡವಾಗಿರಲಾರದು. ಸದ್ದಿಗೆ ಹೆದರುತ್ತವೆ ಎಂದು ಯಜಮಾನರು ಚನ್ನಪಟ್ಟಣದಿಂದ ಮರದ ಗಿಲಕಿಗಳನ್ನು ತಂದು ಕೊಂಬೆಗೆ ಕಟ್ಟಿದರು. ಒಂದು ತಾಯಿಕೋತಿ ಗಿಲಕಿ ಕಿತ್ತು ಮರಿಯ ಕೈಗೆ ಕೊಟ್ಟಿತು. ಮರಿ ಅಲ್ಲಾಡಿಸುತ್ತ ನಮ್ಮ ಹಂಚಿನ ಮೇಲೆ ಕೂತು ಆಡಿತು. ಕೋತಿಗೆ ಆಟಿಕೆ ತಂದುಕೊಟ್ಟ ಮನೆ ಎಂದು ಊರಲ್ಲಿ ಈಗಲೂ ಹೇಳುತ್ತಾರೆ.

ಇಷ್ಟಾದರೂ ದೇವರು ದೊಡ್ಡವನು. ನನ್ನ ಅಕ್ಕನನ್ನು ಕಾಡಂಚಿನ ಉಯ್ಯಂಬಳ್ಳಿ ಕಡೆಗೆ ಕೊಟ್ಟಿದೆ. ಅಲ್ಲಿ ಹಿತ್ತಲಿಗೆ ಬರುವುದು ಆನೆ. ಬಾಳೆ ತಿನ್ನುವುದಲ್ಲದೆ ತೊಟ್ಟಿಯ ನೀರಿಗೆ ಕಾಲಿಟ್ಟು ಕಲಕಿ ಹೋಗುತ್ತದೆ. ಅದಕ್ಕೂ ಅವಳು ಗಣಪತಿ ಎಂದು ಕೈಮುಗಿಯಬೇಕು. ನನ್ನ ಪಾಲಿಗೆ ಅವನು ಕೋತಿಗೇ ನಿಲ್ಲಿಸಿದ್ದಾನೆ.

ಇನ್ನು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಹೊಂಡದ ಆಚೆ ದಡ ಅವಳದು. ಹುಳದ ಮನೆಯಲ್ಲಿ ಹುಟ್ಟಿ ಹುಳದ ಮನೆಗೆ ಬಂದವಳು. ಅವಳ ಕೊರಳಿನ ಸರ, ಮನೆಯ ತಾರಸಿ, ಎಲ್ಲ ಹುಳ ಉಗುಳಿದ್ದು. ಮೈದುನ ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟದ್ದೇ ತಡ, ಹುಳ ಕಂಡರೆ "ಶೀ" ಎನ್ನತೊಡಗಿದಳು. ಹಿಪ್ಪುನೇರಳೆ ಕಿತ್ತು ಗುಲಾಬಿ ಹಾಕಿದಳು. ಬೀದಿಯ ಕಡೆ ಮಾತ್ರ ಒಂದು ಪಟ್ಟೆ ಹಿಪ್ಪುನೇರಳೆಯನ್ನು ಮರೆಗಿರಲಿ ಎಂದು ಬಿಟ್ಟಳು, ಅದು ಕಾಡಿನ ಹಾಗೆ ಬೆಳೆದು ನಿಂತಿತ್ತು. ಫೋನಿನ ಸ್ಟೇಟಸ್ಸಿನಲ್ಲಿ ನನ್ನ ತಾವರೆ ಹಾಕಿ ಪ್ರಕೃತಿಯೇ ದೇವರು ಎಂದು ಬರೆಯುತ್ತಾಳೆ. ಅವಳಿಗೆ ಪ್ರಕೃತಿ ಬೇಕು, ಅದರಲ್ಲಿರುವ ಪ್ರಾಣಿ ಬೇಡ.

ಆ ದಿನ ನಾನು ಹುಳದ ಮನೆಯ ಕಿಟಕಿಗಳಿಗೆಲ್ಲ ಗೋಣಿತಾಟು ಇಳಿಬಿಟ್ಟು, ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದಿದ್ದೇನೆಂಬ ಗಮನವೂ ಇಲ್ಲದೆ ಹೊಂಡದ ದಡ ಸುತ್ತಿ ಓಡಿದೆ. ಗೋಡೆಯಾಚೆ ಗುಲಾಬಿ ಸಾಲು, ಈಚೆ ನನ್ನ ಹಿಪ್ಪುನೇರಳೆ. ನಡುವೆ ಎದೆಯೆತ್ತರದ ಗೋಡೆಯೊಂದೇ. ಔಷಧಿಯವನು ಮೂಗಿಗೆ ಟವೆಲ್ ಸುತ್ತಿಕೊಂಡು ಸಾಲು ಮುಗಿಸಿ ಹೊಂಡದ ಕಡೆ ತಿರುಗುತ್ತಿದ್ದ. ಓರಗಿತ್ತಿ ನೈಟಿಯ ಮೇಲೆ ಟವೆಲ್ ಹೊದ್ದು ಎಲ್ಲೆಲ್ಲಿ ಹೊಡೆಯಬೇಕೆಂದು ಬೆರಳು ತೋರಿಸುತ್ತಿದ್ದಳು.

"ನಿಲ್ಸಪ್ಪಾ! ನಿಲ್ಸು ಅಂತಿದ್ದೀನಿ!"

ಅವನು ಕುಡುಗೋಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಯಾಕಕ್ಕ, ಗದ್ದೆ ಕುಯ್ಲಿಗ್ ಬಂದಂಗ್ ಬಂದಿದ್ದೀಯ?" ಎಂದಳು ಓರಗಿತ್ತಿ. "ಗುಲಾಬಿಗೆ ಹುಳ ಬಿದ್ದೈತೆ, ಒಸಿ ಹೊಡೆಸ್ತಿದ್ದೀನಿ."

"ಗುಲಾಬಿಗೆ ಬಿದ್ದಿರೋದು ಹುಳ. ನನ್ ಮನೇಲಿರೋದೇನು, ಕುರಿಮರಿನಾ?"

"ಲೈಟ್ ಔಸ್ದಿ ಕಣಕ್ಕ," ಎಂದ ಅವನು ಟವೆಲ್ಲಿನೊಳಗಿಂದ. "ಮನುಸ್ರಿಗೆ ಏನೂ ಆಗಕಿಲ್ಲ."

"ಮನುಸ್ರಿಗ್ ಆಗಂಗಿದ್ರೆ ನಾನ್ ಇಷ್ಟ್ ಓಡ್ಬತ್ತಿರ್ನಿಲ್ಲ ಕಣಪ್ಪ."

ಕ್ಯಾನಿನಲ್ಲಿ ಉಳಿದದ್ದನ್ನು ಹೊಂಡಕ್ಕೆ ಹೊಡೆಯಬೇಕೆಂದಿತ್ತಂತೆ. ಭಾನುವಾರ ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ತಾವರೆ ಹೊಂಡದ ಪಕ್ಕ ಕುರ್ಚಿ ಹಾಕಿಸಿ ಕಾಫಿ ಕೊಡಬೇಕೆಂಬುದು ಅವಳ ಏರ್ಪಾಡು.

"ಕಪ್ಪೆ ನೆಗುದು ಗಂಡಿನ್ ತೊಡೆ ಮ್ಯಾಲ್ ಕುಂತ್ಕಂಡ್ರೆ ಏನಕ್ಕ ಮಾಡ್ಲಿ?"

"ಕುಂತ್ಕಳ್ಳಿ ಬುಡು. ಕಪ್ಪೇಗ್ ಹೆದ್ರೋನು ನಿನ್ ಮಗಳ್ ಜೊತೆ ಏನ್ ಸಂಸಾರ ಮಾಡಾನು?"

ಒಳಗೆ ಕಿಟಕಿಯ ಹತ್ತಿರ ಮದುವೆಯ ಹುಡುಗಿ ಕಿಸಕ್ಕನೆ ನಕ್ಕಳು. ಅವಳಮ್ಮ ಅತ್ತ ಕಣ್ಣು ಬಿಟ್ಟಳು. ನಾನು ಬಿಡಲಿಲ್ಲ.

"ನೀನೂ ಹುಳದ್ ಮನೇಲೇ ಬೆಳ್ದೋಳು ಕಣೇ. ಸೊಪ್ಪಿನ್ ಪಕ್ಕ ಔಸ್ದಿ ಹೊಡೀಬಾರ್ದು ಅನ್ನಾದ್ ಗೊತ್ತಿಲ್ವಾ? ಜ್ವರ ಎದ್ದು ಮೇಯ್ತಾ ಅವೆ, ಬಾಯಿಗೆ ಬಂದಿದ್ ತುತ್ತು."

ಅವಳ ಮುಖದ ಬಣ್ಣ ಇಳಿಯಿತು. "ಮೇಯ್ತಾ ಅವಾ? ಚಂದ್ರಿಕೆ ಹತ್ತಿಲ್ವಾ?"

"ಯಾರ್ ಹೇಳಿದ್ರು ಹತ್ತವೆ ಅಂತ?"

"ಬೆಳಿಗ್ಗೆ ಹಲ್ಲುಜ್ತಾ ನಿಂತಿದ್ದೆ. ಭಾವ ನಮ್ ಮನೆ ಮುಂದಿನ್ ನಾಗರಕಲ್ಲಿಗೆ ಊದುಬತ್ತಿ ಹಚ್ಚುದ್ರು. ಕಟ್ಟ್ ಕಟ್ಟೇ ಹಚ್ಚುದ್ರು ಕಣಕ್ಕ, ಆಣೆ. ನಿಮ್ ಮನೇರು ಊದುಬತ್ತಿ ಹಚ್ಬುಟ್ರೆ ಹುಳ ಮೇಲಕ್ ಹೋದ್ವು ಅಂತಾನೇ ಅಲ್ವಾ? ಅದಕ್ಕೇ ಇವತ್ತು ಇವನ್ನ ಕರ್ಸ್ದೆ. ಇಲ್ದಿದ್ರೆ ಕರಸ್ತಿದ್ನಾ?"

ನಾನು ಕುಡುಗೋಲು ಕೆಳಗಿಳಿಸಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಹುಳ ಮೇಯುವಾಗ ಊದುಬತ್ತಿಯಿಲ್ಲ, ಹುಳ ಚಂದ್ರಿಕೆ ಹತ್ತಿದ ಮೇಲೆ ಮೊದಲ ಊದುಬತ್ತಿ. ನಮ್ಮೂರಿನಲ್ಲಿ ಯಾರ ಮನೆಯ ಬೆಳೆ ಎಲ್ಲಿಗೆ ಬಂತೆಂದು ಕೇಳುವ ಅಗತ್ಯವೇ ಇಲ್ಲ, ಮೂಗಿದ್ದರೆ ಸಾಕು. ಅವಳು ಎಲ್ಲವನ್ನೂ ಮರೆತಿದ್ದಾಳೆ ಎಂದು ನಾನು ಬೈದುಕೊಳ್ಳುತ್ತಿದ್ದೆ. ಅವಳು ಮರೆತಿರಲಿಲ್ಲ. ಅದೇ ಕೇಡಾಯಿತು.

ಯಜಮಾನರು ಯಾಕೆ ಹಚ್ಚಿದರೆಂಬುದು ನನಗೆ ಆಗಲೇ ಹೊಳೆಯಿತು. ಹಿಂದಿನ ದಿನ ಹೊಂಡದ ಮೆಟ್ಟಿಲ ಮೇಲೆ ಕೇರೆಹಾವು ಮಲಗಿತ್ತು. ನಾನು ಬಿಂದಿಗೆ ಹಿಡಿದು ಹೋದರೆ ಸರಿಯಲೂ ಇಲ್ಲ. ಪೊರಕೆಯಲ್ಲಿ ನೀರು ಚಿಮುಕಿಸಿ, ನಿನ್ನಪ್ಪನ ಮನೆಯ ಮೆಟ್ಟಿಲಾ ಎಂದು ಬೈದಿದ್ದೆ. ಅದನ್ನು ಯಜಮಾನರು ನೋಡಿ ಮುಖ ಹುಳ್ಳಗೆ ಮಾಡಿದ್ದರು. ಹುಳ ಹಣ್ಣಾಗುವ ಕಾಲದಲ್ಲಿ ನಾಗಪ್ಪನಿಗೆ ಕೋಪ ಬಂದರೆ ಗತಿಯೇನೆಂದು, ಹುಳದ ಮನೆಗೆ ಹೊಗೆ ಬಾರದಷ್ಟು ದೂರ ಹೋಗಿ, ನನಗೆ ಹೇಳದೆ ತಪ್ಪುಕಾಣಿಕೆ ಒಪ್ಪಿಸಿ ಹೊರಟಿದ್ದಾರೆ. ಇಲಿ ಹಿಡಿಯುವ ಕೇರೆಗೂ ಹೆಡೆಯೆತ್ತುವ ನಾಗರಕ್ಕೂ ವ್ಯತ್ಯಾಸ ತಿಳಿಯದ ಗಂಡಸರು ಭಕ್ತಿ ಮಾಡಬಾರದು. ಭಕ್ತಿಗೂ ವಿಳಾಸ ಬೇಕು.

ಔಷಧಿಯವನನ್ನು ಕಳಿಸಿದ್ದಾಯಿತು. ಹೊಂಡಕ್ಕೆ ಹನಿ ಬಿದ್ದಿರಲಿಲ್ಲ, ಅದೊಂದು ಪುಣ್ಯ. ಆದರೆ ಗೋಡೆಗೆ ಹೊಂದಿಕೊಂಡ ನನ್ನ ಹಿಪ್ಪುನೇರಳೆಯ ಮೇಲೆ ಎಷ್ಟು ದೂರ ಬಿದ್ದಿದೆ? ಕಣ್ಣಿಗೆ ಕಾಣುವುದಿಲ್ಲ. ಒಳಗೆ ಕೊಯ್ದಿಟ್ಟ ಸೊಪ್ಪು ಮಧ್ಯಾಹ್ನಕ್ಕೆ ಸಾಲದು. ಹಾಕಿದರೆ ವಿಷ, ಹಾಕದಿದ್ದರೆ ಉಪವಾಸ. ಎರಡರಲ್ಲಿ ಯಾವುದಾದರೂ ಇಡೀ ಬೆಳೆ ಗುಂಡಿಗೆ.

ಇದಕ್ಕೊಂದೇ ದಾರಿ. ಒಂದಷ್ಟು ಹುಳ ಬೇರೆ ತೆಗೆದು ತಿನ್ನಿಸಿ ನೋಡುವುದು. ನಾನು ಎರಡು ಮೊರ ತಂದೆ. ಒಂದರಲ್ಲಿ ಗೋಡೆ ಪಕ್ಕದ ಸಾಲಿನ ಸೊಪ್ಪು, ಇನ್ನೊಂದರಲ್ಲಿ ಆ ತುದಿಯ ಸಾಲಿನದು. ಒಂದೊಂದಕ್ಕೂ ಒಂದು ಹಿಡಿ ಹುಳ ಬಿಟ್ಟೆ. ಯಾವ ಹುಳ ಆರಿಸಲಿ ಎಂದು ಕೈ ಹಿಂಜರಿಯಿತು. ಅಷ್ಟು ದಿನ ಹಲ್ಲಿಗೆ, ಇರುವೆಗೆ, ಅಳಿಲಿಗೆ ಸಿಗದಂತೆ ಕಾದವುಗಳನ್ನು ನಾನೇ ಎತ್ತಿಕೊಡಬೇಕು. ಕಣ್ಣು ಮುಚ್ಚಿ ಆಂಜನೇಯನನ್ನು ನೆನೆದು ಕೈಗೆ ಬಂದದ್ದನ್ನು ತೆಗೆದೆ.

ಹುಳದ ಮನೆಯ ಹೊರಗೆ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕೂತೆ. ಓರಗಿತ್ತಿ ಕರೆಯದೆಯೇ ಬಂದಳು. ನೈಟಿ ಬಿಟ್ಟು ಹಳೆಯ ಸೀರೆ ಉಟ್ಟಿದ್ದಳು, ಮುಖ ತೊಳೆದು ಕ್ರೀಮು ಪೌಡರು ಎಲ್ಲ ಕಳೆದಿದ್ದಳು. ಆ ಮುಖ ನೋಡಿ ಬಹಳ ವರ್ಷವಾಗಿತ್ತು. ಮೇಲೆ ಕೋತಿಯೊಂದು ಹಂಚಿನಿಂದ ಬಗ್ಗಿ ಮೊರದಲ್ಲೇನಿದೆ ಎಂದು ನೋಡಿತು. ಅದಕ್ಕೆ ಎಲ್ಲವೂ ತಿಂಡಿ.

ಎರಡು ಮೊರದಲ್ಲೂ ಮೊದಲು ಒಂದೇ ರೀತಿ ಮೇಯುತ್ತಿದ್ದವು. ಆಮೇಲೆ ಗೋಡೆ ಪಕ್ಕದ ಮೊರದಲ್ಲಿ ಒಂದು ಹುಳ ತಲೆಯೆತ್ತಿ ಅತ್ತಿತ್ತ ತೂಗಿತು. ಇನ್ನೊಂದು ತೂಗಿತು. ಬಾಯಿಂದ ಹಸಿರು ನೀರು ಬಂತು.

"ಅಯ್ಯೋ ಶಿವನೆ," ಎಂದಳು ಓರಗಿತ್ತಿ. ಸೆರಗು ಬಾಯಿಗೆ ಒತ್ತಿಕೊಂಡಳು.

ಇನ್ನೊಂದು ಮೊರದಲ್ಲಿ ಏನೂ ಆಗಿರಲಿಲ್ಲ. ಎಲೆಯ ಅಂಚು ಕತ್ತರಿಸುತ್ತ, ಪಕ್ಕದ ಮೊರದಲ್ಲಿ ಯಾರು ಸತ್ತರೆಂಬ ಪರಿವೆಯಿಲ್ಲದೆ ತಿನ್ನುತ್ತಿದ್ದವು. ಮನುಷ್ಯರ ಹಾಗೆಯೇ. ಆದರೂ ಅವನ್ನು ನೋಡಿ ನನಗೆ ಉಸಿರು ಬಂತು. ದೂರದ ಸಾಲುಗಳಿಗೆ ಬಿದ್ದಿಲ್ಲ. ಆದರೆ ಅಷ್ಟೇ ಸೊಪ್ಪು ಕೊನೆಯ ಹಸಿವಿಗೆ ಎಲ್ಲಿ ಸಾಲಬೇಕು?

"ಬೀದಿ ಕಡೆ ನಮ್ ಸೊಪ್ಪೈತಲ್ಲಕ್ಕ," ಎಂದಳು ಅವಳು, ನೆಲ ನೋಡುತ್ತ. "ಗಾಳಿ ಅತ್ಲಾಗ್ ಹೋಗಿಲ್ಲ. ಔಸ್ದಿನೂ ಅತ್ಲಾಗ್ ಹೊಡ್ಸಿಲ್ಲ."

"ಧೂಳ್ ತಿಂದಿರೋ ಸೊಪ್ಪು."

"ತೊಳ್ಯಾನ. ನೆಳ್ಳಲ್ಲಿ ಆರಿಸಾನ."

"ಮರೆಗೆ ಬೇಕು ಅಂತಿದ್ದೆ. ಭಾನುವಾರ ಬೀದೀಲ್ ಹೋಗೋರೆಲ್ಲ ನಿನ್ ಗುಲಾಬಿ ನೋಡ್ತಾರೆ."

"ನೋಡ್ಲಿ ಬುಡಕ್ಕ. ನಿಂಗ್ ಬೈಯಾಕ್ ಬೇಕು ಅಂದ್ರೆ ಬೈತಾ ಬೈತಾನೇ ಕುಯ್ಯಿ, ಹೊತ್ತಾಯ್ತದೆ."

ಅವಳ ಸೊಪ್ಪನ್ನೂ ಮೊರದಲ್ಲಿ ಪರೀಕ್ಷೆ ಮಾಡಿಯೇ ಹಾಕಿದೆ. ಓರಗಿತ್ತಿಯನ್ನು ನಂಬಬಹುದು, ಗಾಳಿಯನ್ನು ನಂಬಲಾಗದು. ಕೊಯ್ದದ್ದು ಹೆಚ್ಚು ಅವಳೇ. ಉಗುರಿಗೆ ಬಣ್ಣ ಹಚ್ಚಿದ ಕೈ ಕೊಂಬೆ ಹಿಡಿದು ಒಂದೇ ಏಟಿಗೆ ಓರೆಯಾಗಿ ಕತ್ತರಿಸುತ್ತಿತ್ತು, ಚಿಗುರಿಗೆ ಪೆಟ್ಟಾಗದ ಹಾಗೆ. ಆ ಕೈ ಇಟ್ಟುಕೊಂಡು ಗುಲಾಬಿಗೆ ನೀರು ಹನಿಸುತ್ತ ಕೂತಿದ್ದಾಳಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಅವಳು ಚಂದ್ರಿಕೆಗೆ ಹತ್ತಿಸುವ ದಿನವೂ ಬಂದಳು. ಗೂಡು ಬಿಳುಪಾಗಿ, ಗಟ್ಟಿಯಾಗಿ ಬಂತು. ಗೋಡೆ ಪಕ್ಕದ ಸಾಲುಗಳನ್ನು ಮೇಕೆಗೂ ಹಾಕದೆ ಕಡಿದು ಗುಂಡಿಯಲ್ಲಿ ಹೂತೆವು. ಅಷ್ಟಕ್ಕೇ ಮುಗಿಯಿತು. ಭಾನುವಾರ ಬಂದ ಗಂಡಿಗೆ ಹೊಂಡ ಹಿಡಿಸಿತಂತೆ, ಹುಡುಗಿಯೂ ಹಿಡಿಸಿದಳಂತೆ. ಕಪ್ಪೆ ನೆಗೆಯಿತೋ ಇಲ್ಲವೋ ನಾನು ಕೇಳಲಿಲ್ಲ.

ಔಷಧಿ ಹೊಡೆದ ದಿನ ಸಂಜೆ ಯಜಮಾನರು ಚಂದ್ರಿಕೆ ಹೇರಿಕೊಂಡು ಬಂದರು. ಗಾಡಿ ಇಳಿಸುವ ಮುಂಚೆಯೇ ನಾನು ಎಲ್ಲ ಹೇಳಿದೆ.

"ನಾಗಪ್ಪ ಮುನಿಸ್ಕಂಡ್ರೆ ಅಂತ..." ಎಂದರು ಮೆಲ್ಲಗೆ.

"ಅದು ಕೇರೆ!"

"ಕೇರೇನೂ ಹಾವೇ ಅಲ್ವಾ?"

"ಹಂಗಾದ್ರೆ ಎರೆಹುಳಕ್ಕೂ ಹಚ್ಚಿ ಬನ್ನಿ, ಪಾಪ ಅದಕ್ಕೂ ಕಾಲಿಲ್ಲ."

ಅವರು ಒಂದು ಚಂದ್ರಿಕೆ ಹೆಗಲಿಗೇರಿಸಿಕೊಂಡು ಒಳಗೆ ಹೋದರು. ಹೊಂಡದಲ್ಲಿ ಕಪ್ಪೆಗಳು ಶುರುಮಾಡಿದ್ದವು. ಬದುಕಿದ್ದೇವೆ ಎಂದು ತಿಳಿಸಲು ಅಷ್ಟು ಕಿರುಚುವುದು ಬೇಕಿತ್ತೇ? ಕೇರೆ ಮತ್ತೆ ಮೆಟ್ಟಿಲ ಮೇಲೆ ಬಂದು, ತನಗೆ ಊದುಬತ್ತಿ ಸಲ್ಲಿಸಿದ ಮನೆಯೆಂಬ ಗರ್ವದಲ್ಲಿ ಉದ್ದಕ್ಕೆ ಮಲಗಿತ್ತು. ಈ ಸಲ ನಾನು ಪೊರಕೆ ತೆಗೆದುಕೊಳ್ಳಲಿಲ್ಲ. ಪಕ್ಕಕ್ಕೆ ಸರಿದು ನೀರು ತುಂಬಿಕೊಂಡೆ. ದೇವರಿಗಿಡಲು ತಾವರೆ ಹುಡುಕಿದರೆ ಇದ್ದೊಂದನ್ನೂ ಕೋತಿ ಕಚ್ಚಿ ಎಂಜಲು ಮಾಡಿತ್ತು. ಗೋಡೆಯ ಬುಡದ ತುಂಬೆ ಬೇಡ ಎನಿಸಿ ಮನೆಯ ಮುಂದಿನ ತುಂಬೆ ಕಿತ್ತು, ದೀಪ ಹಚ್ಚಿ, ಊದುಬತ್ತಿಯಿಲ್ಲದೆ ಕೈಮುಗಿದೆ.

ಹುಳದ ಸಂಜೆಯ ಸೊಪ್ಪಿಗೆ ಇನ್ನೂ ಒಸಿ ಹೊತ್ತಿತ್ತು. ಕರಿಬೇವಿನ ಗಿಡಕ್ಕೆ ಹಸಿರು ಹುಳ ಹತ್ತಿ ಎಲೆಯನ್ನೆಲ್ಲ ಜರಡಿ ಮಾಡಿದ್ದವು. ತೆಂಗಿನ ಚಿಪ್ಪು ತೆಗೆದುಕೊಂಡು ಹೋಗಿ ಒಂದೊಂದನ್ನೇ ಕೈಯಲ್ಲಿ ಕೀಳತೊಡಗಿದೆ.